ಪ್ಯಾನ್‌ಕೇಕ್‌ಗೆ ಹಾಕೋ ಮಜ್ಜಿಗೆ ನಮ್ಮ ಮಜ್ಜಿಗೆ ಅಲ್ಲ

ದಾವಣಗೆರೆಯಲ್ಲಿ ಕೂತು ಪ್ಯಾನ್‌ಕೇಕ್ ಬಗ್ಗೆ ಬರೆಯೋದಕ್ಕೆ ಸ್ವಲ್ಪ ಧೈರ್ಯ ಬೇಕು. ಬೆಣ್ಣೆ ದೋಸೆ ಊರು ಇದು. ಬೆಳಿಗ್ಗೆ ಏಳಕ್ಕೇ ಹಂಚಿನ ಮೇಲೆ ಬೆಣ್ಣೆ ಬಿದ್ದ ಘಮ ಬೀದಿಗೆ ಬರುವಾಗ, ಮನೆಯಲ್ಲಿ ಮೈದಾ ಕಲಸಿ ದಪ್ಪ ದೋಸೆ ಥರದ್ದೊಂದು ಮಾಡ್ತೀನಿ ಅಂದರೆ ಯಾರಾದರೂ ನಗುತ್ತಾರೆ. ನಮ್ಮ ಅತ್ತೆ ನಕ್ಕರು ಕೂಡ. ಆದರೆ ಮಗನಿಗೆ ಅದೇ ಬೇಕಿತ್ತು. ಯಾವುದೋ ವಿಡಿಯೋ ನೋಡಿದ್ದ, ಒಂದರ ಮೇಲೊಂದು ಐದು ಪೇರಿಸಿ, ಮೇಲೆ ಬೆಣ್ಣೆ ತುಂಡಿಟ್ಟು, ಪಾಕ ಸುರಿಯೋ ವಿಡಿಯೋ.

ಮೊದಲ ಸಲ ಮಾಡಿದಾಗ ಏನಾಯ್ತು ಅಂತ ಹೇಳಿಬಿಡ್ತೀನಿ, ಯಾಕಂದ್ರೆ ಈ ಲೇಖನ ಪೂರ್ತಿ ಆ ಒಂದು ತಪ್ಪಿನ ಸುತ್ತಲೇ ಇದೆ. ವಿಡಿಯೋದಲ್ಲಿ ಬಟರ್‌ಮಿಲ್ಕ್ ಅಂದರು. ಬಟರ್‌ಮಿಲ್ಕ್ ಅಂದ್ರೆ ಮಜ್ಜಿಗೆ, ಸ್ಕೂಲಲ್ಲೇ ಕಲಿತಿದ್ದೀವಿ. ಫ್ರಿಜ್‌ನಲ್ಲಿ ಹಿಂದಿನ ರಾತ್ರಿ ಊಟಕ್ಕೆ ಮಾಡಿದ ಮಜ್ಜಿಗೆ ಇತ್ತು, ಪುಣ್ಯಕ್ಕೆ ಒಗ್ಗರಣೆ ಹಾಕಿರಲಿಲ್ಲ. ಅಳತೆ ಪ್ರಕಾರ ಒಂದೂವರೆ ಬಟ್ಟಲು ಸುರಿದೆ. ಹಿಟ್ಟು ನೀರು ದೋಸೆ ಹಿಟ್ಟಿನ ಹಾಗೆ ಹರಿಯಿತು. ಮತ್ತೆ ಮೈದಾ ಹಾಕಿದೆ. ಗಂಟಾಯ್ತು. ಗಂಟು ಒಡೆಯೋಕೆ ಐದು ನಿಮಿಷ ತಿರುವಿದೆ. ಹಂಚಿಗೆ ಹಾಕಿ ಸೌಟಲ್ಲಿ ಸವರಿದೆ. ಬಂದಿದ್ದು ದೋಸೆಯೂ ಅಲ್ಲ, ಚಪಾತಿಯೂ ಅಲ್ಲ, ಹಲ್ಲಿಗೆ ಹತ್ತಿದರೆ ಬಿಡದ ಒಂದು ವಸ್ತು, ಅದರ ಜೊತೆಗೆ ಬಾಯಲ್ಲಿ ಸೋಪಿನ ರುಚಿ ಬೇರೆ. ಅತ್ತೆ ಒಂದು ಚೂರು ಬಾಯಿಗಿಟ್ಟು, "ಹಿಟ್ಟಿಗೆ ಸಿಟ್ಟು ಬಂದೈತೆ ಬಿಡವ್ವಾ" ಅಂದರು.

ಹಿಟ್ಟಿಗೆ ಯಾಕೆ ಸಿಟ್ಟು ಬಂತು ಅನ್ನೋದು ಅರ್ಥವಾಗೋಕೆ ನನಗೆ ಇನ್ನೂ ನಾಲ್ಕೈದು ಭಾನುವಾರ ಹಿಡಿಯಿತು. ನಿಮಗೆ ಅಷ್ಟು ಬೇಡ.

ಮೊದಲು ಮಜ್ಜಿಗೆ ವಿಷಯ ಮುಗಿಸೋಣ. ನಮ್ಮಲ್ಲಿ ಮಜ್ಜಿಗೆ ಅಂದ್ರೆ ಮೊಸರು ಕಡೆದು ನೀರು ಬೆರೆಸಿದ್ದು. ಒಂದು ಪಾಲು ಮೊಸರಿಗೆ ಎರಡು ಪಾಲು ನೀರು, ಮೂರು ಪಾಲು ನೀರು, ನೆಂಟರು ಜಾಸ್ತಿ ಬಂದರೆ ಇನ್ನೂ ಜಾಸ್ತಿ. ಅಮೆರಿಕದ ಅಡುಗೆಯಲ್ಲಿ ಬಟರ್‌ಮಿಲ್ಕ್ ಅಂತ ಡಬ್ಬದಲ್ಲಿ ಮಾರೋದು ಬೇರೆಯೇ. ಕೊಬ್ಬು ತೆಗೆದ ಹಾಲಿಗೆ ಹೆಪ್ಪು ಹಾಕೋ ಬ್ಯಾಕ್ಟೀರಿಯಾ ಬಿಟ್ಟು ಹುಳಿ ಬರಿಸಿದ್ದು, ಗಟ್ಟಿಯಾಗಿ, ಸೌಟಿನಿಂದ ನಿಧಾನಕ್ಕೆ ಇಳಿಯೋ ಹಾಗಿರುತ್ತೆ. ಅದರಲ್ಲಿ ಬೆಣ್ಣೆ ತೆಗೆಯೋ ಕೆಲಸವೇ ಇಲ್ಲ, ಹೆಸರು ಮಾತ್ರ ಉಳಿದಿದೆ. ಹಿಂದಿನ ಕಾಲದಲ್ಲಿ ಅವರಲ್ಲೂ ಬೆಣ್ಣೆ ಕಡೆದ ಮೇಲೆ ಉಳಿದದ್ದನ್ನೇ ಹಾಗೆ ಕರೀತಿದ್ದರು. ಕೆನೆ ಇಟ್ಟು ಇಟ್ಟು ತಾನಾಗೇ ಹುಳಿಯಾಗಿರುತ್ತಿತ್ತು, ಅದಕ್ಕೇ ಉಳಿದ ನೀರೂ ಹುಳಿ. ಅಂದ್ರೆ ಹಳೇ ಬಟರ್‌ಮಿಲ್ಕು ನಮ್ಮ ಹಳ್ಳಿಮನೆ ಕಡೆಗೋಲಿನ ಮಜ್ಜಿಗೆಗೆ ಹತ್ತಿರ, ಈಗಿನದು ನಮ್ಮ ತೆಳು ಮೊಸರಿಗೆ ಹತ್ತಿರ. ಜಗಳೂರು, ಚನ್ನಗಿರಿ ಕಡೆ ಹಳ್ಳಿಯಲ್ಲಿ ನಿಮಗೆ ನೆಂಟರಿದ್ದು, ಅವರು ಬೆಣ್ಣೆ ತೆಗೆದ ಮೇಲೆ ನೀರು ಬೆರೆಸದ ಮಜ್ಜಿಗೆ ಒಂದು ಚೊಂಬು ಕೊಟ್ಟರೆ ಬಿಡಬೇಡಿ, ಅದು ಪ್ಯಾನ್‌ಕೇಕ್‌ಗೆ ಡಬ್ಬದ ಮಾಲಿಗಿಂತ ಚೆನ್ನಾಗಿ ಕೂರುತ್ತೆ.

ಉಳಿದವರಿಗೆ ದಾರಿ ಸುಲಭ. ಒಂದು ಬಟ್ಟಲು ಹುಳಿ ಮೊಸರು, ಅರ್ಧ ಬಟ್ಟಲು ಹಾಲು ಅಥವಾ ನೀರು, ಚೆನ್ನಾಗಿ ಕಡೆದರೆ ಮುಗೀತು. ಮೊಸರಿನ ಮೇಲೆ ನಿಂತ ತಿಳಿನೀರನ್ನು ಚೆಲ್ಲಬೇಡಿ, ಹುಳಿ ಅದರಲ್ಲೂ ಇದೆ. ಹಾಲಿಗೆ ನಿಂಬೆರಸ ಹಿಂಡಿ ಹತ್ತು ನಿಮಿಷ ಬಿಡಿ ಅಂತಲೂ ಹೇಳ್ತಾರೆ. ಹುಳಿಯ ಮಟ್ಟಿಗೆ ಅದು ಕೆಲಸ ಮಾಡುತ್ತೆ, ಆದರೆ ಗಟ್ಟಿತನ ಬರೋದಿಲ್ಲ, ಹೆಪ್ಪಿನ ರುಚಿಯೂ ಇಲ್ಲ. ಮನೆಯಲ್ಲಿ ದಿನಾ ಹೆಪ್ಪು ಹಾಕೋ ನಾವು ನಿಂಬೆಹಣ್ಣು ಹುಡುಕಿಕೊಂಡು ಹೋಗೋದು ಯಾಕೆ ಅಂತ ನನ್ನ ಪ್ರಶ್ನೆ.

ಈಗ ನಿಜವಾದ ವಿಷಯ. ಗಟ್ಟಿ, ತೆಳು ಅನ್ನೋದಷ್ಟೇ ಆಗಿದ್ದರೆ ಮೈದಾ ಹೆಚ್ಚು ಕಮ್ಮಿ ಮಾಡಿ ಸರಿಮಾಡಬಹುದಿತ್ತು. ಆದರೆ ಮಜ್ಜಿಗೆ ಇಲ್ಲಿ ರುಚಿಗೆ ಮಾತ್ರ ಬಂದಿಲ್ಲ, ಕೆಲಸಕ್ಕೆ ಬಂದಿದೆ. ಅದರ ಕೆಲಸ ಸೋಡಾವನ್ನು ಎಬ್ಬಿಸೋದು.

ಅಡುಗೆ ಸೋಡಾ ಅಂದ್ರೆ ಸೋಡಿಯಂ ಬೈಕಾರ್ಬೊನೇಟ್. ನಮ್ಮೂರಲ್ಲಿ ಇದನ್ನು ಯಾರಿಗೂ ಪರಿಚಯ ಮಾಡಿಸಬೇಕಿಲ್ಲ, ಸಂಜೆ ಮಂಡಕ್ಕಿ ಜೊತೆ ತಿನ್ನೋ ಮಿರ್ಚಿಯ ಹಿಟ್ಟಲ್ಲೂ ಒಂದು ಚಿಟಿಕೆ ಇದ್ದೇ ಇರುತ್ತೆ. ಈ ಸೋಡಾಕ್ಕೆ ಹುಳಿ ಸಿಕ್ಕ ತಕ್ಷಣ ಇಂಗಾಲದ ಡೈಆಕ್ಸೈಡ್ ಬಿಡುತ್ತೆ, ಅದೇ ಹಿಟ್ಟನ್ನು ಉಬ್ಬಿಸೋ ಗಾಳಿ. ನಂಬಿಕೆ ಬರದಿದ್ದರೆ ಸ್ಟೀಲ್ ಲೋಟದಲ್ಲಿ ಎರಡು ಚಮಚ ಹುಳಿ ಮೊಸರು ಹಾಕಿ ಒಂದು ಚಿಟಿಕೆ ಸೋಡಾ ಕದಡಿ ನೋಡಿ. ಬುಸುಬುಸು ಅಂತ ಮೇಲೆ ಬರುತ್ತೆ. ಅದೇ ಪ್ರಯೋಗ ಊಟದ ಮಜ್ಜಿಗೆಯಲ್ಲಿ ಮಾಡಿ, ಹತ್ತಾರು ಗುಳ್ಳೆ ಬಂದು ಸುಮ್ಮನಾಗುತ್ತೆ. ನನ್ನ ಮಗ ಇದನ್ನು ಒಂದು ವಾರ ದಿನಾ ಮಾಡಿ ಮೊಸರು ಖಾಲಿ ಮಾಡಿದ.

ಅಂದಾಜಿನ ಲೆಕ್ಕ ಹೀಗಿದೆ: ಒಂದು ಬಟ್ಟಲು, ಅಂದ್ರೆ 240 ಮಿ.ಲೀ. ಹುಳಿ ಮೊಸರಿನಲ್ಲಿರೋ ಲ್ಯಾಕ್ಟಿಕ್ ಆಮ್ಲ ಸುಮಾರು ಅರ್ಧ ಟೀ ಚಮಚ ಸೋಡಾಕ್ಕೆ ಸಾಕು. ಅರ್ಧ ಚಮಚ ಏನು ಮಹಾ ಅನ್ನಬೇಡಿ. ಅದು ಎರಡೂವರೆ ಗ್ರಾಂ ಸುಮಾರು ತೂಗುತ್ತೆ, ಪೂರ್ತಿ ಹುಳಿ ಸಿಕ್ಕರೆ ಅರ್ಧ ಲೀಟರಿಗೂ ಜಾಸ್ತಿ ಗಾಳಿ ಬಿಡುತ್ತೆ. ಅದರಲ್ಲಿ ಎಷ್ಟೋ ಭಾಗ ತಪ್ಪಿಸಿಕೊಂಡು ಹೋದರೂ ಉಳಿದಿದ್ದು ಸಾಕು. ಈಗ ನನ್ನ ಮೊದಲ ಸಲದ ಕಥೆಗೆ ಬನ್ನಿ. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು ಹಾಕಿದ ಮಜ್ಜಿಗೆ ಅಂದ್ರೆ ಹುಳಿ ಕಾಲು ಭಾಗಕ್ಕೆ ಇಳಿದಿದೆ. ಸೋಡಾ ಮಾತ್ರ ಅಷ್ಟೇ ಇದೆ. ಕಾಲು ಭಾಗ ಸೋಡಾ ಕೆಲಸ ಮಾಡಿತು, ಮುಕ್ಕಾಲು ಭಾಗ ಹುಳಿ ಸಿಗದೆ ಹಾಗೇ ಉಳಿಯಿತು. ಹಾಗೆ ಉಳಿದ ಸೋಡಾ ಹಂಚಿನ ಬಿಸಿಗೆ ಸೋಡಿಯಂ ಕಾರ್ಬೊನೇಟ್ ಆಗುತ್ತೆ. ಅದು ಯಾವುದು ಗೊತ್ತಾ? ಬಟ್ಟೆ ಒಗೆಯೋ ಸೋಡಾ. ಬಾಯಲ್ಲಿ ಸೋಪು ಯಾಕೆ ಬಂತು ಅಂತ ಈಗ ಹೇಳಬೇಕಿಲ್ಲ ಅಲ್ವಾ.

ಇದರಲ್ಲೇ ನಮ್ಮೂರಿನ ಇನ್ನೊಂದು ತೊಡಕಿದೆ. ಮೊಸರಿನ ಹುಳಿ ದಿನಕ್ಕೊಂದು ಥರ. ಏಪ್ರಿಲ್ ಬಿಸಿಲಲ್ಲಿ ಬೆಳಿಗ್ಗೆ ಹೆಪ್ಪು ಹಾಕಿದ ಹಾಲು ಮಧ್ಯಾಹ್ನಕ್ಕೆ ಮೊಸರು, ಹೊರಗೇ ಬಿಟ್ಟರೆ ರಾತ್ರಿಗೆ ಮುಖ ಕಿವುಚೋ ಹುಳಿ. ಡಿಸೆಂಬರ್‌ನಲ್ಲಿ ರಾತ್ರಿಯಿಡೀ ಬಿಟ್ಟರೂ ಬೆಳಿಗ್ಗೆ ಹಾಲಿನ ಹಾಗೆ ಸಿಹಿ. ಅಂಗಡಿಯ ಪ್ಯಾಕೆಟ್ ಮೊಸರೂ ಹೊಸದಾದರೆ ಹುಳಿ ಕಮ್ಮಿ. ಅಳತೆ ಪುಸ್ತಕದ ಅರ್ಧ ಚಮಚ ಸೋಡಾ ಈ ಎಲ್ಲಕ್ಕೂ ಒಂದೇ ಆಗಿರೋಕೆ ಸಾಧ್ಯವಿಲ್ಲ. ನಾನು ನಾಲಿಗೆಯಲ್ಲೇ ನೋಡೋದು: ಅನ್ನಕ್ಕೆ ಕಲಸಿದರೆ ಮನೆಯವರು 'ಹುಳಿ ಬಂದಿದೆ' ಅಂದು ಆದರೂ ಉಣ್ಣೋ ಹಂತ ಇದೆಯಲ್ಲ, ಅದೇ ಸರಿಯಾದ ಹಂತ. ಅದಕ್ಕೆ ಅರ್ಧ ಚಮಚ ಸೋಡಾ. ಸಿಹಿ ಮೊಸರಾದರೆ ಕಾಲು ಚಮಚಕ್ಕೆ ಇಳಿಸಿ, ಬೇಕಿಂಗ್ ಪೌಡರ್ ಅರ್ಧ ಚಮಚ ಏರಿಸಿ.

ಬೇಕಿಂಗ್ ಪೌಡರ್ ಬೇರೆ ಯಾಕೆ ಬೇಕು, ಸೋಡಾ ಇದೆಯಲ್ಲ ಅಂತ ನಾನೂ ಕೇಳಿದ್ದೆ. ಬೇಕಿಂಗ್ ಪೌಡರ್ ಅಂದ್ರೆ ಸೋಡಾ, ಒಣಗಿದ ಹುಳಿ ಪುಡಿ, ಜೊತೆಗೆ ತೇವ ಹೀರೋಕೆ ಸ್ವಲ್ಪ ಗಂಜಿಪುಡಿ, ಮೂರನ್ನೂ ಸೇರಿಸಿಟ್ಟ ಡಬ್ಬಿ. ಒದ್ದೆಯಾದಾಗ ಒಂದು ಸಲ ಗಾಳಿ ಬಿಡುತ್ತೆ, ಬಿಸಿ ತಾಕಿದಾಗ ಇನ್ನೊಂದು ಸಲ. ಸೋಡಾ ಮೊಸರು ಜೋಡಿಗೆ ಆ ತಾಳ್ಮೆ ಇಲ್ಲ, ಕಲಸಿದ ನಿಮಿಷದಲ್ಲೇ ಎಲ್ಲ ಶುರು. ಎಂಟು ಪ್ಯಾನ್‌ಕೇಕ್ ಮಾಡೋ ಹೊತ್ತಿಗೆ ಕೊನೆಯದಕ್ಕೆ ಸೋಡಾ ಗಾಳಿ ಉಳಿದಿರೋದಿಲ್ಲ, ಅಲ್ಲಿ ಬೇಕಿಂಗ್ ಪೌಡರ್ ಕೈ ಹಿಡಿಯುತ್ತೆ. ಡಬ್ಬಿ ತೆಗೆದು ವರ್ಷವಾಗಿದ್ದರೆ ಬಿಸಿನೀರಿಗೆ ಒಂದು ಚಮಚ ಹಾಕಿ ನೋಡಿ. ನೊರೆ ಬರದಿದ್ದರೆ ಬಿಸಾಕಿ.

ಸರಿ, ಗಾಳಿ ಬಂತು. ಬಂದ ಗಾಳಿಯನ್ನು ಹಿಡಿದಿಡೋದು ಯಾರು?

ಇಲ್ಲೇ ದೋಸೆ ಕೈ ನಮಗೆ ಮೋಸ ಮಾಡೋದು. ದೋಸೆ ಹಿಟ್ಟಲ್ಲಿ ಅಕ್ಕಿ, ಉದ್ದು, ನಮ್ಮ ಬೆಣ್ಣೆ ದೋಸೆಯಾದರೆ ಮಂಡಕ್ಕಿಯೂ ಸೇರಿ, ರಾತ್ರಿಯಿಡೀ ಹುದುಗುತ್ತೆ. ಅಲ್ಲಿ ಗಾಳಿ ಬಿಡೋದು ಬ್ಯಾಕ್ಟೀರಿಯಾ, ಮುಖ್ಯವಾಗಿ ಲ್ಯುಕೊನೊಸ್ಟಾಕ್ ಅನ್ನೋ ಜಾತಿಯದು. ಅದೇ ಹುಳಿಯನ್ನೂ ಮಾಡುತ್ತೆ, ಗಾಳಿಯನ್ನೂ ಬಿಡುತ್ತೆ. ಗಾಳಿ ಹಿಡಿಯೋಕೆ ಉದ್ದಿನ ಲೋಳೆ ಇದೆ. ಅಕ್ಕಿಯಲ್ಲಿ ಗ್ಲುಟೆನ್ ಅನ್ನೋ ಅಂಟು ಪ್ರೋಟೀನ್ ಇಲ್ಲ, ಹಾಗಾಗಿ ನೀವು ಎಷ್ಟೇ ತಿರುವಿ, ಎಷ್ಟೇ ಬಡಿಯಿರಿ, ಹಿಟ್ಟು ನಾರಾಗೋದಿಲ್ಲ. ಚೆನ್ನಾಗಿ ಕೈಯಾಡಿಸಿದಷ್ಟೂ ಒಳ್ಳೇದು ಅಂತಲೇ ನಮ್ಮ ಮನೆಗಳಲ್ಲಿ ಕಲಿಸಿರೋದು.

ಮೈದಾ ಹಾಗಲ್ಲ. ನೂರು ಗ್ರಾಂ ಮೈದಾದಲ್ಲಿ ಸುಮಾರು ಹತ್ತು ಗ್ರಾಂ ಪ್ರೋಟೀನ್ ಇರುತ್ತೆ, ನೀರು ಬಿದ್ದು ಕೈಯಾಡಿದ ಹಾಗೆಲ್ಲ ಅದು ಗ್ಲುಟೆನ್ ಆಗಿ ಬಲೆ ಕಟ್ಟುತ್ತೆ. ಇದೂ ನಮಗೆ ಗೊತ್ತಿಲ್ಲದ್ದಲ್ಲ. ಯುಗಾದಿಗೆ ಹೋಳಿಗೆ ಕಣಕ ಹೇಗೆ ನಾದುತ್ತೀವಿ? ಎಣ್ಣೆ ಹಾಕಿ ಹಾಕಿ, ನಾದಿ ನಾದಿ, ರಬ್ಬರಿನ ಹಾಗೆ ಎಳೆ ಬರಬೇಕು, ಆಮೇಲೆ ಗಂಟೆಗಟ್ಟಲೆ ನೆನೆಯೋಕೆ ಬಿಡಬೇಕು, ಆಗಲೇ ಹೂರಣ ತುಂಬಿ ತಟ್ಟಿದರೆ ಹರಿಯದೆ ತೆಳ್ಳಗೆ ಬರೋದು. ಹೋಳಿಗೆಗೆ ಬೇಕಾದ ಆ ಎಳೆತವೇ ಪ್ಯಾನ್‌ಕೇಕ್‌ಗೆ ಶತ್ರು. ನಾನು ಗಂಟು ಒಡೆಯೋಕೆ ಐದು ನಿಮಿಷ ತಿರುವಿದೆ ಅಂದೆನಲ್ಲ, ಅಂದು ನಾನು ಮಾಡಿದ್ದು ಪ್ಯಾನ್‌ಕೇಕ್ ಅಲ್ಲ, ತೆಳು ಕಣಕ.

ಹಾಗಾದ್ರೆ ಎಷ್ಟು ಕಲಸಬೇಕು? ಒಣ ಹಿಟ್ಟು ಕಾಣೋದು ನಿಂತ ತಕ್ಷಣ ಕೈ ತೆಗೀಬೇಕು. ಹತ್ತು ಹನ್ನೆರಡು ಸಲ ಸೌಟು ತಿರುಗಿದರೆ ಆಯ್ತು. ಗಂಟು ಇರುತ್ತೆ. ಇರಲಿ. ಕಡಲೆಕಾಳಿನ ಗಾತ್ರದ ಗಂಟು ಇದ್ದರೆ ಚಿಂತೆಯೇ ಬೇಡ. ನಮ್ಮ ಅತ್ತೆ ಪಕ್ಕದಲ್ಲಿ ನಿಂತು "ಗಂಟೈತಲ್ಲವ್ವಾ, ಒಡೀಬಾರದಾ" ಅಂತ ಮೂರು ಸಲ ಕೇಳಿದರು, ಮೂರನೇ ಸಲಕ್ಕೆ ಅವರೇ ಸೌಟಿಗೆ ಕೈ ಹಾಕಿದರು, ನಾನು ಪಾತ್ರೆ ಎತ್ತಿಕೊಂಡು ನಡುಮನೆಗೆ ಹೋದೆ. ಹತ್ತು ನಿಮಿಷ ಮುಚ್ಚಿಡಿ. ಅಷ್ಟರಲ್ಲಿ ಗಂಟಿನೊಳಕ್ಕೆ ತೇವ ಇಳಿಯುತ್ತೆ, ಪಿಷ್ಟ ನೀರು ಕುಡಿದು ಹಿಟ್ಟು ಸ್ವಲ್ಪ ಗಟ್ಟಿಯಾಗುತ್ತೆ, ಕಟ್ಟಿದ ಬಲೆಯೂ ಸಡಿಲ ಆಗುತ್ತೆ. ಮುಚ್ಚಳ ತೆಗೆದಾಗ ಮೇಲೆಲ್ಲ ಗುಳ್ಳೆ ಇದ್ದರೆ ಖುಷಿಪಡಿ, ಆದರೆ ಮತ್ತೆ ತಿರುವಬೇಡಿ, ಆ ಗುಳ್ಳೆಗೇ ಇಷ್ಟೆಲ್ಲ ಕಷ್ಟಪಟ್ಟಿದ್ದು. ಹತ್ತು ನಿಮಿಷ ಒಳ್ಳೇದು ಅಂತ ಒಂದು ಗಂಟೆ ಬಿಟ್ಟರೆ ಇನ್ನೂ ಒಳ್ಳೇದು ಅಂದುಕೊಳ್ಳಬೇಡಿ. ಇದು ಹುದುಗೋ ಹಿಟ್ಟಲ್ಲ, ಕಾದಷ್ಟೂ ಸೊರಗುತ್ತೆ.

ಈಗ ಅಳತೆ ಹೇಳ್ತೀನಿ, ಅಂಗೈಯಗಲದ ಎಂಟು ಹತ್ತು ಆಗುತ್ತೆ. ಮೈದಾ ಒಂದೂವರೆ ಬಟ್ಟಲು, ತೂಕದಲ್ಲಿ 190 ಗ್ರಾಂ ಹತ್ತಿರ. ಸಕ್ಕರೆ ಎರಡು ದೊಡ್ಡ ಚಮಚ. ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಚಪ್ಪಟೆಯಾಗಿ ಸವರಿದ್ದು, ರಾಶಿ ಬೇಡ. ಉಪ್ಪು ಅರ್ಧ ಚಮಚ. ಇವನ್ನೆಲ್ಲ ಜರಡಿ ಹಿಡಿದು ಒಂದು ಪಾತ್ರೆಯಲ್ಲಿಡಿ. ಸೋಡಾವನ್ನು ನೇರವಾಗಿ ಮೊಸರಿಗೆ ಹಾಕಿಬಿಡೋರಿದ್ದಾರೆ, ಗಾಳಿಯೆಲ್ಲ ಹಿಟ್ಟಿಗೆ ಸೇರೋ ಮುಂಚೆಯೇ ಹೋಗಿರುತ್ತೆ, ಬೇಡ. ಇನ್ನೊಂದು ಪಾತ್ರೆಯಲ್ಲಿ ಮೊಸರು ಒಂದು ಬಟ್ಟಲು, ಹಾಲು ಅರ್ಧ ಬಟ್ಟಲು, ಮೊಟ್ಟೆ ಒಂದು, ಕರಗಿಸಿದ ಬೆಣ್ಣೆ ಮೂರು ದೊಡ್ಡ ಚಮಚ. ಮೊಸರನ್ನು ಫ್ರಿಜ್‌ನಿಂದ ಅರ್ಧ ಗಂಟೆ ಮುಂಚೆಯೇ ತೆಗೆದಿಡಿ, ಇಲ್ಲದಿದ್ದರೆ ಕರಗಿದ ಬೆಣ್ಣೆ ತಣ್ಣನೆ ಮೊಸರಲ್ಲಿ ಬಿದ್ದು ಮತ್ತೆ ಕಾಳುಕಾಳಾಗಿ ಗಟ್ಟಿಯಾಗುತ್ತೆ. ಹಸಿಯದನ್ನು ಒಣದಕ್ಕೆ ಒಂದೇ ಸಲ ಸುರಿದು, ಆಗಲೇ ಹೇಳಿದ ಹಾಗೆ ಕಲಸಿ ಕೈಬಿಡಿ. ಸೌಟಿನಿಂದ ಜಾರಿ ಬೀಳಬೇಕು, ಸುರಿಯಬಾರದು. ಇಡ್ಲಿ ಹಿಟ್ಟಿಗಿಂತ ಒಂದು ಚೂರು ತೆಳು.

ಬೆಣ್ಣೆ ಬಗ್ಗೆ ಒಂದು ಮಾತು. ಅಂಗಡಿಯ ಹಳದಿ ಬೆಣ್ಣೆಗೆ ಉಪ್ಪು ಹಾಕಿರುತ್ತಾರೆ, ಅದನ್ನೇ ಬಳಸಿದರೆ ಅಳತೆಯ ಉಪ್ಪು ಅರ್ಧಕ್ಕೆ ಇಳಿಸಿ. ನಮ್ಮೂರಲ್ಲಿ ಬಿಳಿ ಬೆಣ್ಣೆ ಉಂಡೆ ಸುಲಭವಾಗಿ ಸಿಗುವಾಗ ನಾನು ಹಳದಿಯದನ್ನು ತರೋದಿಲ್ಲ. ಇದು ಬರೀ ಊರಿನ ಅಭಿಮಾನ, ವಿಜ್ಞಾನ ಏನಿಲ್ಲ.

ಮೊಟ್ಟೆ ಓದಿ ಅರ್ಧ ಮಂದಿ ಇಲ್ಲೇ ನಿಂತಿರಬಹುದು. ನಮ್ಮ ಮನೆಯಲ್ಲೂ ಅಡುಗೆಮನೆಗೆ ಮೊಟ್ಟೆ ಬರೋದಿಲ್ಲ. ಮೊಟ್ಟೆಯ ಕೆಲಸ ಎರಡು: ಬಿಸಿಗೆ ಗಟ್ಟಿಯಾಗಿ ಗುಳ್ಳೆಯ ಗೋಡೆಗೆ ಆಸರೆ ಕೊಡೋದು, ಕೊಬ್ಬು ನೀರು ಎರಡನ್ನೂ ಬೆರೆಸಿ ಹಿಡಿಯೋದು. ಅದಿಲ್ಲದಿದ್ದರೆ ಪ್ಯಾನ್‌ಕೇಕ್ ಸ್ವಲ್ಪ ಕುಗ್ಗುತ್ತೆ, ಮಗುಚುವಾಗ ಸ್ವಲ್ಪ ನಾಜೂಕು, ಅಷ್ಟೇ. ನಾನು ಮೊಟ್ಟೆ ಬದಲಿಗೆ ಮೂರು ದೊಡ್ಡ ಚಮಚ ಹಾಲು ಹೆಚ್ಚು ಹಾಕಿ, ಬೇಕಿಂಗ್ ಪೌಡರ್ ಒಂದೂವರೆ ಚಮಚ ಮಾಡ್ತೀನಿ, ಗಾತ್ರ ಚಿಕ್ಕದು ಮಾಡ್ತೀನಿ. ಪೂರಿಯಷ್ಟು ಅಗಲ ಸಾಕು. ಚಿಕ್ಕದಾದರೆ ಮಗುಚೋಕೆ ಸುಲಭ, ನಡುವೆ ಹಸಿ ಉಳಿಯೋದೂ ಕಮ್ಮಿ. ಬಾಳೆಹಣ್ಣು ಕಿವುಚಿ ಹಾಕಿದರೆ ಅಂಟು ಬರುತ್ತೆ ನಿಜ, ಆದರೆ ಆಮೇಲೆ ಬಾಳೆಹಣ್ಣಿನ ರುಚಿ ಬಿಟ್ಟು ಬೇರೇನೂ ಇರೋದಿಲ್ಲ.

ಇನ್ನು ಹಂಚು. ದಪ್ಪ ತಳದ್ದು ಬೇಕು. ದೋಸೆಯ ಕಬ್ಬಿಣದ ಕಾವಲಿ ಪಳಗಿದ್ದಿದ್ದರೆ ಅದಕ್ಕಿಂತ ಒಳ್ಳೇದಿಲ್ಲ. ಆದರೆ ದೋಸೆಯಷ್ಟು ಕಾವು ಬೇಡ. ದೋಸೆ ತೆಳ್ಳಗೆ, ಸುಡು ಕಾವಲಿಯಲ್ಲಿ ಬೇಗ ಗರಿಯಾಗಬೇಕು. ಪ್ಯಾನ್‌ಕೇಕ್ ದಪ್ಪ, ಒಳಗಿನವರೆಗೂ ಬೇಯೋಕೆ ಸಮಯ ಬೇಕು. 190 ಡಿಗ್ರಿ ಸೆಲ್ಸಿಯಸ್ ಆಸುಪಾಸು ಅನ್ನೋದು ಲೆಕ್ಕ. ಮೀಟರ್ ಯಾರ ಮನೆಯಲ್ಲಿದೆ ಹೇಳಿ, ನೀರು ಚಿಮುಕಿಸಿ ನೋಡಿ. ಹನಿ ಬಿದ್ದಲ್ಲೇ ಸುಮ್ನೆ ಕುದಿಯುತ್ತಾ ಕೂತರೆ ಇನ್ನೂ ಕಾಯಬೇಕು. ಮಣಿಯಾಗಿ ಉರುಳಾಡಿದರೆ ಸರಿ. ಆಮೇಲೆ ಉರಿಯನ್ನು ಮಧ್ಯಮಕ್ಕಿಂತ ಸ್ವಲ್ಪ ಕೆಳಗೆ ಇಳಿಸಿ.

ಎಣ್ಣೆ ಹಚ್ಚೋದಕ್ಕೆ ನಮ್ಮ ಅರ್ಧ ಈರುಳ್ಳಿ ಉಪಾಯವೇ ಸಾಕಾಗಿತ್ತು, ಸಿಹಿ ತಿಂಡಿಗೆ ಈರುಳ್ಳಿ ವಾಸನೆ ಬೇಡ ಅಂತ ಬಟ್ಟೆ ಉಂಡೆ ಮಾಡಿ ಒರೆಸ್ತೀನಿ. ಒರೆಸಿದ್ದು ಕಾಣಬಾರದು, ಅಷ್ಟು ಕಮ್ಮಿ. ಬೆಣ್ಣೆ ದೋಸೆ ಊರಿನವರಿಗೆ ಇದು ಕಷ್ಟ, ಗೊತ್ತು. ಆದರೆ ಹಂಚಿನ ಮೇಲೆ ಕೊಬ್ಬು ನಿಂತರೆ ಹಿಟ್ಟು ಅಲ್ಲಲ್ಲಿ ತೇಲುತ್ತೆ, ತಳ ಮಚ್ಚೆ ಮಚ್ಚೆ ಆಗುತ್ತೆ, ಸಮನಾದ ಕೆಂಬಣ್ಣ ಬರೋದಿಲ್ಲ. ಬೆಣ್ಣೆ ಸುರಿಯೋ ಆಸೆಯನ್ನು ತಟ್ಟೆಗೆ ಬಂದ ಮೇಲೆ ತೀರಿಸಿಕೊಳ್ಳಿ.

ಕಾಲು ಬಟ್ಟಲು ಹಿಟ್ಟು ಹಂಚಿನ ಮೇಲೆ ಬಿಡಿ. ಬಿಟ್ಟು ಸುಮ್ಮನಿರಿ. ಸೌಟಿನಿಂದ ಸವರಬೇಡಿ. ನನ್ನ ಕೈ ಈಗಲೂ ಒಂದು ಸುತ್ತು ಹೊಡೆಯೋಕೆ ಹೋಗುತ್ತೆ, ಮೂವತ್ತು ವರ್ಷದ ಅಭ್ಯಾಸ. ಸವರಿದರೆ ಗುಳ್ಳೆ ಒಡೆಯುತ್ತೆ, ತೆಳ್ಳಗಾಗುತ್ತೆ, ಆಗ ಅದು ಬರೀ ಮೈದಾ ದೋಸೆ. ಅದು ತಾನಾಗೇ ಎಷ್ಟು ಹರಡುತ್ತೋ ಅಷ್ಟೇ ಅದರ ಅಗಲ.

'ಎಲ್ಲರ ಮನೆ ದೋಸೆನೂ ತೂತೇ' ಅಂತ ಗಾದೆ ಇದೆಯಲ್ಲ, ಇಲ್ಲಿ ಆ ತೂತು ನೋಡ್ಕೊಂಡೇ ಕೆಲಸ. ಮೊದಲು ಅಂಚಿನಲ್ಲಿ ಗುಳ್ಳೆ ಬರುತ್ತೆ, ಆಮೇಲೆ ನಡುವೆ. ಗುಳ್ಳೆ ಒಡೆದು ತೂತು ಮತ್ತೆ ಮುಚ್ಚಿಕೊಂಡರೆ ಹಿಟ್ಟು ಇನ್ನೂ ಹಸಿ. ಒಡೆದ ತೂತು ತೆರೆದೇ ಉಳಿದು, ಅಂಚು ಹೊಳಪು ಕಳೆದುಕೊಂಡು ಒಣಗಿದ ಹಾಗೆ ಕಂಡರೆ ಮಗುಚೋ ಸಮಯ. ಸುಮಾರು ಎರಡು ನಿಮಿಷ. ದೋಸೆಯಲ್ಲಿ ತೂತು ಬಂದ ಮೇಲೆ ಮಗುಚದಿದ್ದರೂ ನಡೆಯುತ್ತೆ, ಇಲ್ಲಿ ನಡೆಯೋದಿಲ್ಲ. ಒಂದೇ ಸಲ ಮಗುಚಿ. ಮಗುಚೋ ಕೈಯಿಂದ ಮೇಲೆ ಒತ್ತಬೇಡಿ, ರೊಟ್ಟಿ ಅಲ್ಲ ಅದು. ಒತ್ತಿದರೆ ಒಳಗಿನ ಗಾಳಿ ಹೊರಗೆ. ಎರಡನೇ ಬದಿಗೆ ಒಂದು ನಿಮಿಷ, ಒಂದೂವರೆ ನಿಮಿಷ. ಆ ಬದಿ ಎಂದೂ ಮೊದಲನೆಯದರಷ್ಟು ಚಂದ ಬರೋದಿಲ್ಲ, ತೂತು ಬಿದ್ದ ಬದಿ ಹಂಚಿಗೆ ಪೂರ್ತಿ ತಾಕೋದಿಲ್ಲವಲ್ಲ. ಅದಕ್ಕೇ ಬಡಿಸುವಾಗ ಮೊದಲು ಬೆಂದ ಬದಿ ಮೇಲೆ.

ಬಣ್ಣಕ್ಕೂ ಹುಳಿಗೂ ಸಂಬಂಧ ಇದೆ ಅಂತ ಗೊತ್ತಾದಾಗ ನನಗೆ ನಿಜಕ್ಕೂ ಆಶ್ಚರ್ಯ ಆಯ್ತು. ಪ್ರೋಟೀನೂ ಸಕ್ಕರೆಯೂ ಬಿಸಿಯಲ್ಲಿ ಸೇರಿ ಕೆಂಪಾಗೋದಕ್ಕೆ ಮೈಯಾರ್ ಕ್ರಿಯೆ ಅಂತಾರೆ. ಹಿಟ್ಟಲ್ಲಿ ಹುಳಿ ಜಾಸ್ತಿ ಇದ್ದರೆ ಅದು ನಿಧಾನ, ಸೋಡಾ ಹುಳಿಯನ್ನು ಕಡಿಮೆ ಮಾಡಿದಷ್ಟೂ ಜೋರು. ಬೇಸಿಗೆಯ ಅತಿ ಹುಳಿ ಮೊಸರಲ್ಲಿ ಮಾಡಿದಾಗ ಎಷ್ಟು ಬೇಯಿಸಿದರೂ ಬಿಳಿಚಿಕೊಂಡೇ ಇದ್ದದ್ದು ಇದಕ್ಕೇ. ನಾನು ಉರಿ ಸಾಲದು ಅಂತ ಏರಿಸಿ ತಳ ಕರಕಲು ಮಾಡಿದ್ದೆ. ಹಾಗಾದಾಗ ಉರಿ ಮುಟ್ಟಬೇಡಿ, ಮುಂದಿನ ಸಲ ಮೊಸರಿಗೆ ಸ್ವಲ್ಪ ಹಾಲು ಜಾಸ್ತಿ ಬೆರೆಸಿ. ಮೇಲೆ ಕಡುಕೆಂಪಾಗಿ ಒಳಗೆ ಹಸಿ ಹಿಟ್ಟು ಅಂಟಿದರೆ ಮಾತ್ರ ಉರಿಯದ್ದೇ ತಪ್ಪು.

ಮೊದಲನೆಯದು ಕೆಡುತ್ತೆ. ದೋಸೆಯದ್ದೂ ಹಾಗೇ ಅಲ್ವಾ, ಹಂಚು ಹದಕ್ಕೆ ಬರೋ ತನಕ ಒಂದು ಬಲಿ. ಆದರೆ ದೋಸೆಯ ಹಾಗೆ ಒಂದೊಂದಕ್ಕೂ ನಡುವೆ ನೀರು ಚಿಮುಕಿಸಿ ಒರೆಸೋದು ಬೇಡ. ದೋಸೆಗೆ ಹಾಗೆ ಮಾಡೋದು ಹಂಚು ತುಸು ತಣಿದು ಹಿಟ್ಟು ಸೌಟಿಗೆ ಸುತ್ತಿಕೊಳ್ಳದೆ ಹರಡಲಿ ಅಂತ. ಇಲ್ಲಿ ಹರಡೋದೇ ಇಲ್ಲವಲ್ಲ. ಹೊಗೆ ಬಂದರೆ ಉರಿ ಇಳಿಸಿ ಅರ್ಧ ನಿಮಿಷ ಬಿಡಿ, ಸಾಕು.

ಆದದ್ದನ್ನು ಹಾಟ್ ಬಾಕ್ಸ್‌ಗೆ ಹಾಕಿ ಮುಚ್ಚಿಬಿಡೋ ಅಭ್ಯಾಸ ನಮಗೆಲ್ಲ ಇದೆ. ಚಪಾತಿಗೆ ಅದು ಸರಿ, ಇದಕ್ಕೆ ಹಬೆ ನೀರಾಗಿ ಮೇಲೆ ತೊಟ್ಟಿಕ್ಕಿ ಒದ್ದೆ ಬಟ್ಟೆಯ ಹಾಗಾಗುತ್ತೆ. ಅಗಲ ತಟ್ಟೆಯಲ್ಲಿ ಒಣ ಬಟ್ಟೆ ಹಾಸಿ ಬಿಡಿಬಿಡಿಯಾಗಿ ಇಡಿ, ಇಲ್ಲವೇ ಬೆಣ್ಣೆ ದೋಸೆ ಹೋಟೆಲಿನ ಹಾಗೆ ಹಂಚಿನಿಂದ ನೇರ ತಟ್ಟೆಗೆ. ಮಾಡೋರು ಕೊನೆಗೆ ತಿನ್ನೋದು ಎರಡಕ್ಕೂ ಸಮಾನ.

ಮೇಲೆ ಹಾಕೋಕೆ ಅಮೆರಿಕದವರು ಮೇಪಲ್ ಪಾಕ ಬಳಸ್ತಾರೆ. ಮೇಪಲ್ ಅನ್ನೋ ಮರದ ರಸ ತೆಗೆದು ಕುದಿಸಿ ಕುದಿಸಿ ಇಳಿಸೋದು, ಸುಮಾರು 40 ಲೀಟರ್ ರಸಕ್ಕೆ ಒಂದು ಲೀಟರ್ ಪಾಕ. ಇಲ್ಲಿ ಅದರ ಚಿಕ್ಕ ಬಾಟಲಿಯ ಬೆಲೆಗೆ ನಮ್ಮ ಮನೆಗೆ ಆರು ತಿಂಗಳ ಜೋನಿಬೆಲ್ಲ ಬರುತ್ತೆ. ಅದೂ ಕುದಿಸಿ ಇಳಿಸಿದ ರಸವೇ, ಕಬ್ಬಿನದು. ಎರಡು ಚಮಚ ಜೋನಿಬೆಲ್ಲಕ್ಕೆ ಒಂದು ಚಮಚ ಬಿಸಿನೀರು, ಒಂದು ಕಾಳು ಉಪ್ಪು, ಕದಡಿದರೆ ಸುರಿಯೋ ಹದಕ್ಕೆ ಬರುತ್ತೆ. ಮೇಲೆ ಬಿಳಿ ಬೆಣ್ಣೆ ಇಟ್ಟು ಅದು ಅರ್ಧ ಕರಗಿದಾಗ ಸುರಿದು ಕೊಟ್ಟೆ. ಮಗ ವಿಡಿಯೋದಲ್ಲಿ ಪಾಕದ ಬಣ್ಣ ಬೇರೆ ಇತ್ತು ಅಂದ, ಅಂದು ಐದು ತಿಂದ. ಅತ್ತೆ ಮಾತ್ರ ಬೆಲ್ಲ ಬೇಡ ಅಂದು ಶೇಂಗಾ ಚಟ್ನಿಪುಡಿ ಹಾಕಿಕೊಂಡು ತಿಂದರು. ನಾನೂ ಒಂದು ತುಂಡು ಹಾಗೆ ತಿಂದೆ. ತಪ್ಪೇನಿಲ್ಲ, ಚೆನ್ನಾಗೇ ಇತ್ತು.

ಮೈದಾ ಬೇಡ ಅನ್ನೋರು ಅರ್ಧಕ್ಕೆ ಗೋಧಿಹಿಟ್ಟು ಹಾಕಬಹುದು, ತವುಡು ನೀರು ಜಾಸ್ತಿ ಕುಡಿಯೋದರಿಂದ ಎರಡು ಮೂರು ಚಮಚ ಹಾಲು ಹೆಚ್ಚಿಸಿ. ರಾಗಿಹಿಟ್ಟಾದರೆ ಕಾಲು ಭಾಗ ಮೀರಬೇಡಿ, ರಾಗಿಯಲ್ಲಿ ಗ್ಲುಟೆನ್ ಇಲ್ಲ, ಗಾಳಿ ಹಿಡಿಯೋಕೆ ಯಾರಾದರೂ ಬೇಕಲ್ಲ.

ಹಿಟ್ಟು ಉಳಿದರೆ ಫ್ರಿಜ್‌ನಲ್ಲಿಟ್ಟು ನಾಳೆ ಪ್ಯಾನ್‌ಕೇಕ್ ಮಾಡೋಣ ಅಂತ ಇಡಬೇಡಿ, ಗಾಳಿ ಹೋಗಿ ಚಪ್ಪಟೆಯಾಗಿರುತ್ತೆ. ನಾಳೆಗೂ ಬೇಕು ಅಂತ ಮೊದಲೇ ಗೊತ್ತಿದ್ದರೆ ಒಣ ಹಿಟ್ಟಿನ ಮಿಶ್ರಣವನ್ನು ಬೇರೆ ಡಬ್ಬಿಯಲ್ಲಿ ತೆಗೆದಿಟ್ಟುಕೊಳ್ಳಿ. ಕಲಸಿದ್ದೇ ಉಳಿದಿದ್ದರೆ ನಮ್ಮಲ್ಲಿ ಪಡ್ಡಿನ ಹಂಚು ಇದ್ದೇ ಇದೆ. ಒಂದು ಚಮಚ ಹುಳಿ ಮೊಸರು, ಒಂದು ಚಿಟಿಕೆ ಸೋಡಾ, ಏಲಕ್ಕಿ ಪುಡಿ ಸೇರಿಸಿ, ಬಾಳೆಹಣ್ಣನ್ನು ಸಣ್ಣಗೆ ಹೆಚ್ಚಿ ಹಾಕಿ ಸಿಹಿ ಪಡ್ಡು ಹೊಯ್ದುಬಿಡಿ. ನಮ್ಮ ಮನೆಯಲ್ಲಿ ಈಗ ಅದಕ್ಕೋಸ್ಕರವೇ ಹಿಟ್ಟು ಸ್ವಲ್ಪ ಜಾಸ್ತಿ ಕಲಸೋದು.